ಎಕೋ ನಾರ್ಮಲ್ ಇದ್ದರೂ ಸ್ಟೆಂಟ್ ಯಾಕೆ ಹಾಕಿದರು?

ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯವರು, ಕಾಫಿ ತೋಟ ಇದೆ. ಅಪ್ಪನಿಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ಜುಲೈನಲ್ಲಿ ಒಂದು ರಾತ್ರಿ ಎದೆ ಹಿಡಿದುಕೊಂಡ ಹಾಗಾಗಿ ಪೂರ್ತಿ ಬೆವರಿದರು. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು, ಮಾತ್ರೆ ಅಗಿಯಲು ಕೊಟ್ಟರು. ಎಕೋ ಮಾಡಿ ಅಂತ ಕೇಳಿದೆ. 'ರಾತ್ರಿ ಎಕೋ ಇಲ್ಲ, ಅದಕ್ಕೆ ಕಾಯುವುದೂ ಬೇಡ, ಮೈಸೂರಿಗೆ ಹೊರಡಿ' ಅಂದರು. ಮೈಸೂರಿಗೆ ಹೋಗುವಷ್ಟರಲ್ಲಿ ನೋವು ಹೋಗಿತ್ತು. ಅಲ್ಲಿ ಎಕೋ ಮಾಡಿ ನಾರ್ಮಲ್ ಅಂದರು. ಆದರೂ ಅಡ್ಮಿಟ್ ಮಾಡಿಕೊಂಡು, ಮರುದಿನ ಆಂಜಿಯೋಗ್ರಾಮ್ ಮಾಡಿ ಒಂದು ಸ್ಟೆಂಟ್ ಹಾಕಿದರು. ಎಕೋ ನಾರ್ಮಲ್ ಇದ್ದರೆ ಸ್ಟೆಂಟ್ ಯಾಕೆ? ನಮ್ಮ ಊರಲ್ಲೇ ರಾತ್ರಿ ಎಕೋ ಇದ್ದಿದ್ದರೆ ಆ ಮಳೆಯಲ್ಲಿ ಮೈಸೂರಿಗೆ ಓಡುವುದು ತಪ್ಪುತ್ತಿತ್ತಾ? ಎಲ್ಲ ಕಾಗದ ಕಳಿಸಿದ್ದೇನೆ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಇಲ್ಲ, ತಪ್ಪುತ್ತಿರಲಿಲ್ಲ. ಅವತ್ತು ಆ ಆಸ್ಪತ್ರೆಯಲ್ಲಿ ಎಕೋ ಯಂತ್ರವೂ ಇದ್ದು, ಮಾಡುವವರೂ ಇದ್ದಿದ್ದರೂ ಅಪ್ಪ ಮೈಸೂರಿಗೆ ಹೋಗಲೇಬೇಕಿತ್ತು.

ನೀವು ಕಳಿಸಿದ ಮೊದಲ ಇಸಿಜಿ ನೋಡಿದೆ. ಅದರಲ್ಲಿ ಕೆಲವು ಲೀಡ್‌ಗಳಲ್ಲಿ ಎಸ್‌ಟಿ ಅನ್ನುವ ಗೆರೆ ಕೆಳಗಿಳಿದಿದೆ, ಹೃದಯದ ಮಾಂಸಕ್ಕೆ ರಕ್ತ ಸಾಲುತ್ತಿಲ್ಲ ಅನ್ನುವ ಸುಳಿವು ಅದು. 67 ವರ್ಷ, ಸಕ್ಕರೆ ಕಾಯಿಲೆ ಬೇರೆ, ಮೈಯೆಲ್ಲ ಬೆವರು, ಮೇಲೆ ಇಂಥ ಇಸಿಜಿ. ಇಷ್ಟು ಕೈಯಲ್ಲಿದ್ದಾಗ ಎಕೋ ಏನೇ ಹೇಳಿದ್ದರೂ ತೀರ್ಮಾನ ಬದಲಾಗುತ್ತಿರಲಿಲ್ಲ. ಎಕೋ ಕೆಟ್ಟದಾಗಿ ಬಂದಿದ್ದರೆ 'ಬೇಗ ಹೊರಡಿ' ಅನ್ನುತ್ತಿದ್ದರು. ಚೆನ್ನಾಗಿ ಬಂದಿದ್ದರೂ 'ಹೊರಡಿ' ಅಂತಲೇ ಅನ್ನಬೇಕಿತ್ತು. ಆ ಡ್ಯೂಟಿ ಡಾಕ್ಟರು ನಿಮ್ಮನ್ನು ಸಾಗಹಾಕಿದರು ಅನ್ನುವ ಬೇಸರ ನಿಮ್ಮ ಪತ್ರದಲ್ಲಿ ಕಾಣುತ್ತಿದೆ. ಕಾಗದ ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ನಿಯಮ. ಅದನ್ನು ಪಾಲಿಸಿದ್ದಾರೆ. ಆಸ್ಪಿರಿನ್ ಕೊಟ್ಟಿದ್ದಾರೆ. ರೆಫರ್ ಪತ್ರದಲ್ಲಿ ಎಲ್ಲದಕ್ಕೂ ಟೈಮ್ ಬರೆದಿದ್ದಾರೆ. ಟೈಮ್ ಬರೆಯುವ ಅಭ್ಯಾಸ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲೂ ಇಲ್ಲ.

ಈಗ ಎಕೋ ವಿಷಯ. ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಇದೆಯಲ್ಲ, ಅದೇ ಜಾತಿ. ನಮ್ಮ ಕಿವಿಗೆ ಕೇಳದ ಶಬ್ದದ ಅಲೆಯನ್ನು ಪಕ್ಕೆಲುಬುಗಳ ಸಂದಿಯಿಂದ ಒಳಗೆ ಬಿಟ್ಟು, ಅದು ವಾಪಸ್ ಬಂದಾಗ ಚಿತ್ರ ಮಾಡಿಕೊಳ್ಳುತ್ತದೆ. ಎಕ್ಸ್‌ರೇ ತರಹ ವಿಕಿರಣ ಇಲ್ಲ, ನೋವಿಲ್ಲ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಲ್ಲಿ ಇಂಗೆ ಎಡ್ಲರ್ ಅನ್ನುವ ವೈದ್ಯರು ಮತ್ತು ಹೆಲ್ಮುತ್ ಹರ್ಟ್ಸ್ ಅನ್ನುವ ಭೌತವಿಜ್ಞಾನಿ ಮೊದಲ ಸಲ ಹೀಗೆ ಹೃದಯದ ಚಲನೆಯನ್ನು ದಾಖಲಿಸಿದರು. ಅವರು ಬಳಸಿದ್ದು ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು! ಈಗ ಅದೇ ಕೆಲಸ ಮಾಡುವ ಪ್ರೋಬ್ ಅಂಗೈಯಲ್ಲಿ ಹಿಡಿಸುತ್ತದೆ, ಮೊಬೈಲಿಗೆ ಸಿಕ್ಕಿಸಿದರೆ ಚಿತ್ರ ಬರುತ್ತದೆ.

ಆದರೆ ಈ ಚಿತ್ರದಲ್ಲಿ ಬ್ಲಾಕ್ ಕಾಣುವುದಿಲ್ಲ. ಜನ ತಪ್ಪು ತಿಳಿಯುವುದು ಇಲ್ಲೇ. ಹೃದಯದ ಮಾಂಸಕ್ಕೆ ರಕ್ತ ಕೊಡುವ ನಾಳಗಳು ಬಹಳ ಸಣ್ಣವು. ಅವುಗಳ ಒಳಗೆ ಎಷ್ಟು ಕಟ್ಟಿಕೊಂಡಿದೆ ಅಂತ ನೋಡಬೇಕಾದರೆ, ನಾಳಕ್ಕೆ ಔಷಧ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಆಂಜಿಯೋಗ್ರಾಮ್ ಬೇಕು. ಎಕೋ ನೋಡುವುದು ಹೃದಯದ ಗೋಡೆ, ಕವಾಟ, ಕೋಣೆಗಳ ಅಳತೆ ಮತ್ತು ಸುತ್ತಲಿನ ಚೀಲವನ್ನು. ನೀವು ತೋಟದವರು, ಹೀಗೆ ಹೇಳಿದರೆ ತಕ್ಷಣ ಗೊತ್ತಾಗುತ್ತದೆ. ಕಾಫಿ ಹೂ ಅರಳಲಿ ಅಂತ ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಪೈಪ್ ಮಣ್ಣಿನೊಳಗೆ ಎಲ್ಲೋ ಕಟ್ಟಿದರೆ ಮೇಲಿಂದ ಪೈಪ್ ಕಾಣುವುದಿಲ್ಲ. ಯಾವ ಸಾಲಿನ ಗಿಡ ಬಾಡಿದೆ ಅಂತ ನೋಡಿ, ಕಟ್ಟಿರುವುದು ಈ ಲೈನ್ ಇರಬೇಕು ಅಂತ ಊಹೆ ಮಾಡುತ್ತೀರಿ. ಎಕೋ ಮಾಡುವವರ ಕೆಲಸವೂ ಅದೇ. ಹೃದಯದ ಗೋಡೆಯ ಯಾವ ಭಾಗ ಸರಿಯಾಗಿ ಕುಗ್ಗುತ್ತಿಲ್ಲ ಅಂತ ನೋಡಿ, ಯಾವ ನಾಳಕ್ಕೆ ತೊಂದರೆ ಅಂತ ಅಂದಾಜು ಮಾಡುತ್ತಾರೆ.

ಇದರಲ್ಲಿ ಒಂದು ಸೊಗಸಾದ ವಿಷಯ ಇದೆ. ನಾಳ ಮುಚ್ಚಿದ ಕೆಲವೇ ಸೆಕೆಂಡುಗಳಲ್ಲಿ ಆ ಭಾಗದ ಗೋಡೆ ಕುಗ್ಗುವುದು ಕಡಿಮೆಯಾಗುತ್ತದೆ. ಇಸಿಜಿ ಬದಲಾಗುವುದು ಅದರ ನಂತರ. ನೋವು ಬರುವುದು ಎಲ್ಲಕ್ಕಿಂತ ಕೊನೆಗೆ. ಅಂದರೆ ನೋವು ಇರುವಾಗಲೇ ಎಕೋ ಮಾಡಿ, ಎಡಗಡೆಯ ಕೋಣೆಯ ಗೋಡೆಗಳೆಲ್ಲ ಒಂದೇ ಸಮನೆ ಬಡಿಯುತ್ತಿವೆ ಅಂತ ಸ್ಪಷ್ಟವಾಗಿ ಕಂಡರೆ, ದೊಡ್ಡ ನಾಳ ಪೂರ್ತಿ ಮುಚ್ಚಿರುವ ಸಾಧ್ಯತೆ ತುಂಬಾ ಕಡಿಮೆ.

ನಿಮ್ಮ ಅಪ್ಪನ ಕಥೆಯಲ್ಲಿ ಎಕೋ ಆಗಿದ್ದು ನೋವು ಹೋದ ಮೇಲೆ. ನೋವು ಹೋಗಿದೆ ಅಂದರೆ ರಕ್ತ ಮತ್ತೆ ಸ್ವಲ್ಪ ಹರಿಯಲು ಶುರುವಾಗಿದೆ ಅಂತ ಇರಬಹುದು. ಆಗ ಗೋಡೆ ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಪೆಟ್ಟು ತಿಂದ ಗೋಡೆ ದಿನಗಟ್ಟಲೆ ಮಂಕಾಗಿಯೇ ಇರುತ್ತದೆ, ಕೆಲವರಲ್ಲಿ ಬೇಗ ಸರಿಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಪೆಟ್ಟು ಗೋಡೆಯ ಒಳಪದರಕ್ಕೆ ಮಾತ್ರ ಆಗಿದ್ದರೆ, ಅಂದರೆ ದಪ್ಪದಲ್ಲಿ ಸುಮಾರು ಐದನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ, ಚಲನೆಯ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ಆ ಬೆಳಗಿನ 'ನಾರ್ಮಲ್' ಸುಳ್ಳಲ್ಲ. ಹೃದಯದ ಪಂಪ್ ಚೆನ್ನಾಗಿದೆ, ದೊಡ್ಡ ಹಾನಿ ಆಗಿಲ್ಲ ಅನ್ನುವುದು ಅದರ ಅರ್ಥ. ನಾಳ ಚೆನ್ನಾಗಿದೆ ಅಂತ ಅದು ಹೇಳಲೇ ಇಲ್ಲ. ಹೃದಯದ ಮಾಂಸಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಮೊದಲ ಆಸ್ಪತ್ರೆಯಲ್ಲಿ ನೆಗೆಟಿವ್, ಮೈಸೂರಿನಲ್ಲಿ ಪಾಸಿಟಿವ್ ಬಂದಿದೆ. ಇದರಲ್ಲೂ ಯಾರ ತಪ್ಪೂ ಇಲ್ಲ. ಸಾಮಾನ್ಯ ಕಿಟ್‌ಗಳಲ್ಲಿ ಅದು ಏರಿದ್ದು ಗೊತ್ತಾಗಲು ನೋವು ಶುರುವಾಗಿ 3ರಿಂದ 6 ಗಂಟೆ ಬೇಕು. ನೀವು ಬೇಗ ಹೋಗಿದ್ದಿರಿ, ಅಷ್ಟೇ. ಇಸಿಜಿ, ಎರಡನೇ ಟ್ರೋಪೋನಿನ್, ಸಕ್ಕರೆ ಕಾಯಿಲೆ, ಇವೆಲ್ಲ ಸೇರಿ ಆಂಜಿಯೋಗ್ರಾಮ್ ಮಾಡಿಸಿದವು. ಅದರಲ್ಲಿ ಬ್ಲಾಕ್ ಸಿಕ್ಕಿತು, ನಾಳವನ್ನು ತೆರೆದಿಡುವ ಸ್ಟೆಂಟ್ ಬಿತ್ತು.

ಹಾಗಾದರೆ ಎದೆನೋವಿನ ಎಮರ್ಜೆನ್ಸಿಯಲ್ಲಿ ಎಕೋ ಯಾಕೆ? ಸುಮ್ನೆ ಬಿಲ್ಲಿಗಾ? ಅಲ್ಲ. ಕೆಲವು ಸಂದರ್ಭಗಳಲ್ಲಿ ಎಕೋ ಬಿಟ್ಟರೆ ಬೇರೆ ದಾರಿಯೇ ಇರುವುದಿಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಅಯೋರ್ಟಾ ಸೀಳುವುದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ. ಹೆಚ್ಚಾಗಿ ಬಿಪಿಗೆ ಮಾತ್ರೆ ಸರಿಯಾಗಿ ತಗೊಳ್ಳದವರಲ್ಲಿ ಅದರ ಗೋಡೆಯ ಪದರಗಳು ಒಳಗೊಳಗೇ ಹರಿದು ಬೇರೆಯಾಗುತ್ತವೆ. ಎದೆಯಲ್ಲೋ ಬೆನ್ನಲ್ಲೋ ಒಮ್ಮೆಲೇ ಹರಿದ ಹಾಗೆ ವಿಪರೀತ ನೋವು. ಎರಡು ಕೈಗಳ ಬಿಪಿಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಬಹುದು. ಆ ಸೀಳು ಹೃದಯದ ನಾಳದ ಬಾಯಿಗೆ ಬಂದರೆ ಇಸಿಜಿ ಥೇಟ್ ಹಾರ್ಟ್ ಅಟ್ಯಾಕ್ ತರಹವೇ ಬರುತ್ತದೆ. ಆಗ ಹಾರ್ಟ್ ಅಟ್ಯಾಕ್ ಅಂದುಕೊಂಡು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ರೋಗಿ ಉಳಿಯುವುದು ಕಷ್ಟ. ಇಂಥ ಅನುಮಾನ ಬಂದಾಗ ಎದೆಯ ಮೇಲೆ ಪ್ರೋಬ್ ಇಟ್ಟರೆ ಅಯೋರ್ಟಾದ ಬುಡ 4 ಸೆಂಟಿಮೀಟರಿಗಿಂತ ಅಗಲವಾಗಿರುವುದು, ಒಳಗೆ ತೆಳುವಾದ ಪದರ ಅಲ್ಲಾಡುವುದು, ಕವಾಟ ಸೋರುವುದು, ಹೃದಯದ ಸುತ್ತ ರಕ್ತ ನಿಂತಿರುವುದು, ಇವುಗಳಲ್ಲಿ ಯಾವುದಾದರೂ ಕಾಣಬಹುದು. ಕಂಡರೆ ಇಂಜೆಕ್ಷನ್ ಕೈಬಿಟ್ಟು ಆಪರೇಷನ್ ಮಾಡುವ ಊರಿಗೆ ಕಳಿಸಬೇಕು. ಕಾಣಲಿಲ್ಲ ಅಂತ ನಿರಾಳ ಆಗುವ ಹಾಗೂ ಇಲ್ಲ. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಎಷ್ಟೋ ಸೀಳು ತಪ್ಪಿಹೋಗುತ್ತದೆ. ಅನುಮಾನ ಬಲವಾಗಿದ್ದರೆ ಸಿಟಿ ಆಂಜಿಯೋ, ಅಂದರೆ ರಕ್ತನಾಳ ನೋಡುವ ಸಿಟಿ ಸ್ಕ್ಯಾನ್, ಬೇಕೇ ಬೇಕು.

ಎರಡನೆಯದು, ಬಿಪಿ ಬಿದ್ದುಹೋಗಿರುವ ರೋಗಿ. ಎದೆನೋವು, ಕೈಕಾಲು ತಣ್ಣಗೆ, ಬಿಪಿ 80. ಕಾರಣ ಏನು? ಎಡಗಡೆಯ ಪಂಪ್ ಸೋತಿದೆಯಾ, ಬಲಗಡೆಯದು ಸೋತಿದೆಯಾ, ಹೃದಯದ ಚೀಲದಲ್ಲಿ ನೀರು ತುಂಬಿ ಅದುಮುತ್ತಿದೆಯಾ, ಶ್ವಾಸಕೋಶಕ್ಕೆ ಹೆಪ್ಪು ಹೋಗಿ ಕೂತಿದೆಯಾ? ನಾಲ್ಕಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದಕ್ಕೆ ಡ್ರಿಪ್ ಹಾಕಿದರೆ ಜೀವ ಉಳಿಯುತ್ತದೆ, ಇನ್ನೊಂದಕ್ಕೆ ಅದೇ ಡ್ರಿಪ್ ಹಾಕಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಚೀಲದಲ್ಲಿ ನೀರಿದ್ದರೆ ಸೂಜಿ ಹಾಕಿ ತೆಗೆದ ತಕ್ಷಣ ರೋಗಿ ಮಾತಾಡಲು ಶುರು ಮಾಡುತ್ತಾನೆ. ಸ್ಟೆತಾಸ್ಕೋಪ್ ಇಟ್ಟು ಇದನ್ನೆಲ್ಲ ಬೇರೆ ಮಾಡುವುದು ಅನುಭವಿಗಳಿಗೂ ಕಷ್ಟ. ಎಕೋಗೆ ಬೇಕಾದ್ದು ಕೆಲವೇ ನಿಮಿಷ. ಇಂಥ ರೋಗಿಗೆ ಎಕೋ ತಡ ಮಾಡುವುದು ತಪ್ಪು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಬಲಗಡೆಯ ಪಂಪ್ ವಿಷಯದಲ್ಲಿ ಒಂದು ಮಾತು. ಹೃದಯದ ಕೆಳಭಾಗಕ್ಕೆ ಅಟ್ಯಾಕ್ ಆದಾಗ ಕೆಲವರಲ್ಲಿ ಬಲಗಡೆಯ ಕೋಣೆಯೂ ಸೋಲುತ್ತದೆ. ಅವರಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಕೊಟ್ಟರೆ ಬಿಪಿ ದಢಕ್ಕನೆ ಬೀಳುತ್ತದೆ. ಬಲಗಡೆ ಎದೆಗೂ ಲೀಡ್ ಇಟ್ಟು ಇಸಿಜಿ ತೆಗೆದರೆ ಸುಳಿವು ಸಿಗುತ್ತದೆ, ಎಕೋದಲ್ಲಿ ಕಣ್ಣಾರೆ ಕಾಣುತ್ತದೆ. ನಮ್ಮಲ್ಲಿ ಪಕ್ಕದ ಮನೆಯವರ ಸಾರ್ಬಿಟ್ರೇಟ್ ತಂದು ಇಡುವ ಪದ್ಧತಿ ಇದೆ. ದಯವಿಟ್ಟು ಬೇಡ. ನಿಮ್ಮ ಅಪ್ಪನಿಗೆ ಅಂತಲೇ ಡಾಕ್ಟರು ಬರೆದುಕೊಟ್ಟಿದ್ದರೆ ಮಾತ್ರ, ಅದೂ ಕೂತುಕೊಂಡು.

ಮಳೆಗಾಲದಲ್ಲಿ ಇನ್ನೊಂದು ತರಹದ ಎದೆನೋವು ಬರುತ್ತದೆ. ವಯಸ್ಸು ಚಿಕ್ಕದು, ನಾಲ್ಕು ದಿನ ಜ್ವರ, ಆಮೇಲೆ ಎದೆನೋವು, ಏದುಸಿರು. ಇಲಿ ಜ್ವರದ ಬ್ಯಾಕ್ಟೀರಿಯಾ, ಡೆಂಗ್ಯೂ ಮತ್ತು ಬೇರೆ ವೈರಸ್‌ಗಳು ಹೃದಯದ ಮಾಂಸಕ್ಕೇ ಉರಿಯೂತ ತರಬಹುದು. ಇಸಿಜಿ ಅಟ್ಯಾಕ್ ತರಹ, ಟ್ರೋಪೋನಿನ್ ಪಾಸಿಟಿವ್. ಎಕೋದಲ್ಲಿ ಒಂದು ನಾಳಕ್ಕೆ ಸೇರಿದ ಭಾಗ ಮಾತ್ರ ಮಂಕಾಗಿರುವುದರ ಬದಲು ಹೆಚ್ಚಾಗಿ ಇಡೀ ಹೃದಯವೇ ಸುಸ್ತಾದ ಹಾಗೆ ಕಾಣುತ್ತದೆ. ಗದ್ದೆ, ತೋಟದ ಕೆಸರಲ್ಲಿ ಕೆಲಸ ಮಾಡುವವರಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವವರಲ್ಲಿ ಇದನ್ನು ನೆನಪಿಡಬೇಕು. ಹಾಗೆಯೇ ಹೆರಿಗೆಯಾದ ಹೊಸತರಲ್ಲಿ, ಅಥವಾ ಕಾಲು ಮುರಿದು ವಾರಗಟ್ಟಲೆ ಮಲಗಿದ್ದವರಿಗೆ ತಟ್ಟನೆ ಎದೆನೋವು, ದಮ್ಮು ಬಂದರೆ ಶ್ವಾಸಕೋಶದ ಹೆಪ್ಪಿನ ಅನುಮಾನ. ಆಗ ಬಲಗಡೆಯ ಕೋಣೆ ಊದಿಕೊಂಡು ಎಡಗಡೆಯದನ್ನು ತಳ್ಳುತ್ತಿರುತ್ತದೆ. ಇದರಲ್ಲೂ ಎಕೋ ನಾರ್ಮಲ್ ಬಂದರೆ ಹೆಪ್ಪು ಇಲ್ಲ ಅಂತಲ್ಲ, ಸಣ್ಣದು ಇರಬಹುದು.

ಇನ್ನು ಅಟ್ಯಾಕ್ ಆಗಿ ಕೆಲವು ದಿನ ಕಳೆದ ಮೇಲೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಕವಾಟದ ದಾರ ಹರಿದಿದೆಯಾ, ಗೋಡೆಯಲ್ಲಿ ತೂತು ಬಿದ್ದಿದೆಯಾ ಅಂತ ಎಕೋದಲ್ಲೇ ನೋಡಬೇಕು. ಮನೆಯಲ್ಲೇ ಗ್ಯಾಸ್ ಅಂದುಕೊಂಡು ಎರಡು ಮೂರು ದಿನ ತಳ್ಳಿದವರಲ್ಲಿ ಇದು ಜಾಸ್ತಿ. ಕೈಲ್ ಪೊಳ್ದ್ ಹಬ್ಬದ ಊಟದಲ್ಲಿ ಹಂದಿ ಮಾಂಸದ ಪಂದಿ ಕರಿ ಸ್ವಲ್ಪ ಹೆಚ್ಚಾಯಿತು, ಅದಕ್ಕೇ ಎದೆ ಉರಿ ಅನ್ನುವ ಸಮಾಧಾನ ಎಷ್ಟು ಸುಲಭ ಅಲ್ವಾ?

ಎಕೋದ ಮಿತಿಗಳನ್ನೂ ಹೇಳಿಬಿಡುತ್ತೇನೆ. ಗೋಡೆಯ ಒಂದು ಭಾಗ ಅಲ್ಲಾಡುತ್ತಿಲ್ಲ ಅಂತ ಕಂಡರೆ ಅದು ಇವತ್ತಿನದೋ, ಐದು ವರ್ಷದ ಹಿಂದಿನದೋ ಅಂತ ಎಕೋ ಖಚಿತವಾಗಿ ಹೇಳಲಾರದು. ಹಳೆಯ ಗಾಯ ತೆಳ್ಳಗೆ, ಬೆಳ್ಳಗೆ ಕಾಣುತ್ತದೆ ಅನ್ನುವುದು ಒಂದು ಸುಳಿವು, ಅಷ್ಟೇ. ಇಸಿಜಿಯಲ್ಲಿ ಎಡಗಡೆಯ ಬಂಡಲ್ ಬ್ಲಾಕ್ (ನಾಳದ ಬ್ಲಾಕ್ ಅಲ್ಲ, ಹೃದಯದಲ್ಲಿ ವಿದ್ಯುತ್ ಹರಿಯುವ ದಾರಿಯ ತಡೆ) ಇರುವವರಲ್ಲಿ, ಪೇಸ್‌ಮೇಕರ್ ಇರುವವರಲ್ಲಿ ಅಟ್ಯಾಕ್ ಇಲ್ಲದೆಯೂ ಗೋಡೆ ವಿಚಿತ್ರವಾಗಿ ಅಲ್ಲಾಡುತ್ತದೆ. ಬೀಡಿ ಸೇದಿ ಶ್ವಾಸಕೋಶ ಊದಿದವರಲ್ಲಿ, ತುಂಬಾ ದಪ್ಪ ಇರುವವರಲ್ಲಿ ಚಿತ್ರವೇ ಸರಿಯಾಗಿ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆಯ ಚಲನೆ ಓದುವುದು ಕಷ್ಟದ ವಿದ್ಯೆ. ವರ್ಷಗಟ್ಟಲೆ ನೋಡಿದ ಕಣ್ಣು ಬೇಕು.

ಅದಕ್ಕೇ ಎಮರ್ಜೆನ್ಸಿ ಡಾಕ್ಟರುಗಳಿಗೆ ಈಗ ಬೇರೆ ತರಹದ ಎಕೋ ಕಲಿಸುತ್ತಾರೆ. ಪೂರ್ತಿ ವರದಿ ಬರೆಯುವ ಎಕೋ ಅಲ್ಲ. ಪಂಪ್ ಚೆನ್ನಾಗಿದೆಯೋ ಸೋತಿದೆಯೋ, ಸುತ್ತ ನೀರಿದೆಯೋ ಇಲ್ಲವೋ, ಬಲಗಡೆ ಊದಿದೆಯೋ ಇಲ್ಲವೋ, ಹೊಟ್ಟೆಯಿಂದ ಬರುವ ದೊಡ್ಡ ನಾಳ ತುಂಬಿದೆಯೋ ಖಾಲಿಯೋ. ಇಂಥ ಹೌದು-ಇಲ್ಲ ಪ್ರಶ್ನೆಗಳಿಗೆ ಮಾತ್ರ ಉತ್ತರ ಹುಡುಕುವುದು. ಜೊತೆಗೆ ಅದೇ ಪ್ರೋಬನ್ನು ಶ್ವಾಸಕೋಶದ ಮೇಲೆ ಇಟ್ಟು ನೀರು ತುಂಬಿದೆಯಾ, ಗಾಳಿ ಸೋರಿದೆಯಾ ಅಂತಲೂ ನೋಡುತ್ತಾರೆ. ಇದನ್ನು ತಕ್ಕ ತರಬೇತಿ ಪಡೆದ ಎಂಬಿಬಿಎಸ್ ಡಾಕ್ಟರೂ ಮಾಡಬಹುದು.

ಹಾಗಿದ್ದರೆ ಪ್ರತಿ ಆಸ್ಪತ್ರೆಯಲ್ಲೂ, ಪ್ರತಿ ಆಂಬ್ಯುಲೆನ್ಸಿನಲ್ಲೂ ಯಾಕಿಲ್ಲ ಅಂತ ಕೇಳುತ್ತೀರಿ. ದುಡ್ಡು, ತರಬೇತಿ ಎರಡೂ ಕಾರಣ. ಮೂರನೆಯದು ಕಾನೂನು. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆ ಪ್ರಕಾರ ಅಲ್ಟ್ರಾಸೌಂಡ್ ಯಂತ್ರ ಇಡಲು ನೋಂದಣಿ ಬೇಕು, ಕೈಯಲ್ಲಿ ಹಿಡಿಯುವ ಯಂತ್ರವನ್ನು ಬೇಕೆಂದಲ್ಲಿ ಒಯ್ಯುವ ಹಾಗಿಲ್ಲ. ಕಾಯ್ದೆ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೃದಯ ನೋಡುವ ಪ್ರೋಬ್‌ಗೂ ಅದೇ ಕಾಗದಪತ್ರ ಅಂದಾಗ ಸಣ್ಣ ಊರಿನ ಆಸ್ಪತ್ರೆಗಳು ಹಿಂದೇಟು ಹಾಕುತ್ತವೆ.

ಈಗ ಕೊಡಗಿನ ಲೆಕ್ಕಕ್ಕೆ ಬರೋಣ. ಆಂಜಿಯೋಪ್ಲಾಸ್ಟಿಗೆ, ಅಂದರೆ ಕಟ್ಟಿದ ನಾಳ ಬಿಡಿಸುವುದಕ್ಕೆ, ನಮ್ಮವರಲ್ಲಿ ಹೆಚ್ಚಿನವರು ಹೋಗುವುದು ಮೈಸೂರು ಇಲ್ಲವೇ ಮಂಗಳೂರಿಗೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಜಿಲ್ಲೆಗೆ ರೈಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದಿರುತ್ತದೆ, ತಿತಿಮತಿ ಕಡೆ ಆನೆ ನಿಂತಿರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಸಂಪಾಜೆ ಘಾಟಿಯ ಮಂಗಳೂರು ರಸ್ತೆಯೇ ಕಡಿದುಹೋಗಿತ್ತು. ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೆದ್ದಿರುವ ಅಟ್ಯಾಕ್, ಅಂದರೆ ನಾಳ ಪೂರ್ತಿ ಮುಚ್ಚಿದ ಅಟ್ಯಾಕ್ ಆದಾಗ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವ ಭರವಸೆ ಇಲ್ಲದಿದ್ದರೆ, ಇದ್ದಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಬೇಕು. ಕೊಡಗಿನ ಬಹುಪಾಲು ಊರುಗಳಿಗೆ ಅನ್ವಯಿಸುವುದು ಇದೇ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ, ಟೆನೆಕ್ಟೆಪ್ಲೇಸ್ ಅನ್ನುವ ಆ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಆ ಹೊತ್ತಿನಲ್ಲಿ ಇಸಿಜಿ ಸ್ಪಷ್ಟವಾಗಿದ್ದು, ಅಯೋರ್ಟಾ ಸೀಳಿದ ಲಕ್ಷಣ ಇಲ್ಲದಿದ್ದರೆ, ಎಕೋ ಮಾಡುವವರು ಬರಲಿ ಅಂತ ಕಾಯುವುದು ಶುದ್ಧ ದಡ್ಡತನ. ನಿಮ್ಮ ಅಪ್ಪನದು ಗೆರೆ ಕೆಳಗಿಳಿದ ಜಾತಿ. ಅದಕ್ಕೆ ಈ ಇಂಜೆಕ್ಷನ್ ಕೊಡುವುದಿಲ್ಲ, ಕೊಟ್ಟರೆ ಲಾಭಕ್ಕಿಂತ ರಕ್ತಸ್ರಾವದ ಅಪಾಯವೇ ಜಾಸ್ತಿ. ಅದಕ್ಕೇ ನಿಮ್ಮನ್ನು ನೇರ ಮೈಸೂರಿಗೆ ಕಳಿಸಿದ್ದು.

ನನ್ನನ್ನು ಕೇಳಿದರೆ, ತಾಲ್ಲೂಕು ಆಸ್ಪತ್ರೆಗೆ ಬಣ್ಣಬಣ್ಣದ ದೊಡ್ಡ ಎಕೋ ಯಂತ್ರ ದಾನ ಕೊಡುವವರಿಗೆ ನಾನು ಮೊದಲು ಬೇರೆ ಪಟ್ಟಿ ಕೊಡುತ್ತೇನೆ. ಕರೆಂಟ್ ಹೋದರೂ ನಡೆಯುವ ಇಸಿಜಿ ಯಂತ್ರ, ರಾತ್ರಿಯೂ ಸಿಗುವ ಟ್ರೋಪೋನಿನ್, ಫ್ರಿಜ್ಜಿನಲ್ಲೋ ಕಪಾಟಿನಲ್ಲೋ ಸದಾ ತಯಾರಿರುವ ಹೆಪ್ಪು ಕರಗಿಸುವ ಇಂಜೆಕ್ಷನ್, ಹೃದಯಕ್ಕೆ ಕರೆಂಟ್ ಶಾಕ್ ಕೊಡುವ ಡಿಫಿಬ್ರಿಲೇಟರ್ ಇರುವ ಆಂಬ್ಯುಲೆನ್ಸ್. ಅದಾದ ಮೇಲೆ ಒಂದು ಸಣ್ಣ ಪ್ರೋಬ್, ಅದನ್ನು ಬಳಸಲು ಕಲಿತ ಇಬ್ಬರು ಡ್ಯೂಟಿ ಡಾಕ್ಟರು. ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಮಾತ್ರ ತೆರೆಯುವ ಎಕೋ ರೂಮಿನಿಂದ ರಾತ್ರಿಯ ಎದೆನೋವಿಗೆ ಏನೂ ಪ್ರಯೋಜನ ಇಲ್ಲ.

ನಿಮ್ಮ ಅಪ್ಪನ ವರದಿಯಲ್ಲಿ 'ಪಂಪಿಂಗ್ 60 ಪರ್ಸೆಂಟ್' ಅಂತ ಇದೆ, ಉಳಿದ 40 ಹಾಳಾಗಿದೆಯಾ ಅಂತಲೂ ಕೇಳಿದ್ದೀರಿ. ಇಲ್ಲ. ಯಾರ ಹೃದಯವೂ ಒಂದು ಬಡಿತಕ್ಕೆ ಒಳಗಿನ ರಕ್ತವನ್ನೆಲ್ಲ ಹೊರಗೆ ಹಾಕುವುದಿಲ್ಲ. 55ರಿಂದ 70 ಇದ್ದರೆ ಚೆನ್ನಾಗಿದೆ ಅಂತ. ಹಾಗಾಗಿ ತೊಂದರೆ ಇಲ್ಲದೆ ಪದೇ ಪದೇ ಎಕೋ ಮಾಡಿಸುವ ಅಗತ್ಯ ಅವರಿಗಿಲ್ಲ. ಪಂಪಿಂಗ್ ಇಳಿದಿದ್ದವರಿಗೆ ಒಂದೂವರೆ ಎರಡು ತಿಂಗಳ ಮೇಲೆ ಮತ್ತೆ ನೋಡುತ್ತಾರೆ, ಚೇತರಿಕೆ ಎಷ್ಟಾಗಿದೆ ಅಂತ ತಿಳಿಯಲು. ಸ್ಟೆಂಟ್ ಹಾಕಿದ ಮೇಲೆ ಕೊಟ್ಟಿರುವ ರಕ್ತ ತೆಳು ಮಾಡುವ ಎರಡು ಮಾತ್ರೆ ಇವೆಯಲ್ಲ, ಅವನ್ನು ಹಲ್ಲು ಕೀಳಿಸಲು ಹೋದಾಗ ಕೂಡ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಎಕೋಗಿಂತ ಇದು ನೂರು ಪಾಲು ಮುಖ್ಯ.

ಮತ್ತೆ ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ, ಜೀಪು ಅಪ್ಪನ ಕೈಗೆ ಕೊಡಬೇಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ. ಅಲ್ಲಿ ಎಕೋ ಇದೆಯಾ ಅಂತ ಕೇಳಿಕೊಂಡು ದೂರದ ಆಸ್ಪತ್ರೆ ಹುಡುಕಬೇಡಿ. ಈಗಿನ ಇಸಿಜಿ, ಎಕೋ ವರದಿ, ಆಂಜಿಯೋಗ್ರಾಮಿನ ಸಿಡಿ, ಡಿಸ್ಚಾರ್ಜ್ ಪತ್ರ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಇಸಿಜಿ ಕಾಗದದ ಅಕ್ಷರ ದಿನ ಕಳೆದಂತೆ ಮಾಸಿಹೋಗುತ್ತದೆ, ಇವತ್ತೇ ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿಗೆ ಕಳಿಸಿ. ಮುಂದೆ ಯಾವತ್ತಾದರೂ ಒಬ್ಬ ಡ್ಯೂಟಿ ಡಾಕ್ಟರು ಗೋಡೆಯ ಒಂದು ಭಾಗ ಮಂಕಾಗಿರುವುದನ್ನು ನೋಡಿದರೆ, ಅದು ಹೊಸದು ಅಂತ ಖಚಿತವಾಗಿ ಹೇಳಲು ಅವರಿಗೆ ಬೇಕಾಗುವುದು ಈ ನಾರ್ಮಲ್ ವರದಿಯೇ.